ಕಿಡಿ ಬೀಳುವ ಹೊತ್ತು

ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಉತ್ತರ ಕೊಟ್ಟುಬಿಡುವ ಚಟ ನನಗೆ ಮೊದಲಿನಿಂದಲೂ ಇದೆ. ವಿಜ್ಞಾನದ ಮಾಸ್ತರನಿಗೆ ಇದು ಚಟವಲ್ಲ, ಅರ್ಹತೆ ಎಂದೇ ಬಹಳ ವರ್ಷ ನಂಬಿದ್ದೆ. ಊಟಕ್ಕೆ ಕುಳಿತಾಗ ಹೆಂಡತಿ "ಸಾರಿಗೆ ಉಪ್ಪು..." ಎಂದು ಬಾಯಿ ತೆರೆದರೆ ಸಾಕು, "ಸರಿಯಾಗೇತಿ, ಸರಿಯಾಗೇತಿ" ಎನ್ನುತ್ತಿದ್ದೆ. ಆಕೆ ಹೇಳಹೊರಟದ್ದು "ಹಾಕೂದ ಮರತೇನಿ" ಎಂದು. ಸಪ್ಪೆ ಸಾರನ್ನು ಹೊಗಳಿಕೊಂಡೇ ಉಂಡ ದಿನಗಳು ಎಷ್ಟೋ ಇವೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ಮುಂಡರಗಿಯ ಹೈಸ್ಕೂಲೊಂದರಲ್ಲಿ ಇದ್ದಾಗ, ನನ್ನ ಹತ್ತಿರ ಒಂದು ಹಳೆಯ ಸ್ಕೂಟರ್ ಇತ್ತು. ಅದರ ಟೈಮಿಂಗ್ ಆಗಾಗ ತಪ್ಪುತ್ತಿತ್ತು; ಅಂದರೆ ಸಿಲಿಂಡರಿನೊಳಗೆ ಕಿಡಿ ಬೀಳಬೇಕಾದ ಹೊತ್ತಿಗೆ ಬೀಳುತ್ತಿರಲಿಲ್ಲ. ಅದನ್ನು ಹೊಂದಿಸುವವರು ಬಸ್‌ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಖಾದರಸಾಬರು. ಅವರ ಉಪಕರಣ ಬೀಡಿ ಕಟ್ಟಿಗೆ ಸುತ್ತಿದ ತೆಳ್ಳನೆಯ ಕಾಗದ. ಕಿಡಿ ಹುಟ್ಟಿಸುವ ಎರಡು ಪಾಯಿಂಟುಗಳ ನಡುವೆ ಅದನ್ನು ಸಿಕ್ಕಿಸಿ, ಒಂದು ಕೈಯಿಂದ ಎಂಜಿನ್ನಿನ ಚಕ್ರ ತಿರುಗಿಸುತ್ತ, ಇನ್ನೊಂದು ಕೈಯಿಂದ ಕಾಗದವನ್ನು ಮೆಲ್ಲಗೆ ಎಳೆಯುತ್ತಿದ್ದರು. ಕಾಗದ ಸಡಿಲಾದ ಕ್ಷಣವೇ ಕಿಡಿಯ ಕ್ಷಣ. ಅಷ್ಟು ಹೊತ್ತು ಅವರು ತುಟಿ ಎರಡು ಮಾಡುತ್ತಿರಲಿಲ್ಲ. ನಾನು ಸುಮ್ಮನಿರುತ್ತಿರಲಿಲ್ಲ.

"ಖಾದರಸಾಬ್ರ, ಬೀಡಿ ಕಾಗದದಾಗ ವಿಜ್ಞಾನ ಸಿಗತೈತೇನ್ರಿ?"

"ವಿಜ್ಞಾನ ನಿಮಗ ಗೊತ್ರಿ ಸರ. ನನಗ ಕಾಗದ ಹೇಳತೈತಿ. ಅದು ಹೇಳೂತನಕ ನಾ ತಡೀತೀನ್ರಿ."

ಈ ಅವೈಜ್ಞಾನಿಕತೆ ಸಹಿಸಲಾರದೆ ಗದಗಿನಿಂದ ಅಳತೆಯ ಗೇಜು ತಂದು, ಒಂದು ರವಿವಾರ ನಾನೇ ಸ್ಕೂಟರ್ ಬಿಚ್ಚಿದೆ. ಕಿಡಿ ಒಂದಿಷ್ಟು ಮುಂಚೆ ಬಿದ್ದರೆ ಗಾಡಿಗೆ ಓಟ ಹೆಚ್ಚು ಎಂದು ಎಲ್ಲೋ ಓದಿದ್ದೆ. ಒಂದಿಷ್ಟು ಒಳ್ಳೆಯದಾದರೆ ಬಹಳಷ್ಟು ಇನ್ನೂ ಒಳ್ಳೆಯದು ಎಂಬುದು ನನ್ನ ಸ್ವಂತ ಸಂಶೋಧನೆ.

ಮರುದಿನ ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಅವರ ಕೈಯಲ್ಲಿ ಒಂದು ಹೆಡ್‌ಮಾಸ್ತರ್ ಜಾಗ ಇದೆ ಎಂಬ ಖಬರು ಸ್ಟಾಫ್ ರೂಮಿನಲ್ಲಿ ಸುತ್ತುತ್ತಿತ್ತು. ಆ ಕುರ್ಚಿಗಾಗಿ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದವನು ನಾನು. ಹೀಗಾಗಿ ಸಾಹೇಬರನ್ನು ಗದಗಿನ ಬಸ್ಸಿಗೆ ಮುಟ್ಟಿಸುವ ಭಾಗ್ಯವನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಮಕ್ಕಳು ಸಾಲಾಗಿ ನಿಂತಿದ್ದರು. ಕಿಕ್ ಹೊಡೆದೆ. ಕಿಕ್ ತಿರುಗಿ ನನ್ನ ಕಾಲಿಗೇ ಹೊಡೆಯಿತು. ಆದರೂ ಎಂಜಿನ್ ಚಾಲೂ ಆಯಿತು. ಗೇರು ಹಾಕಿ ಕ್ಲಚ್ ಬಿಟ್ಟೆ. ಮುಂದಿನ ದಾರಿ ನೋಡುತ್ತ ನಾನು, ನನ್ನ ಬೆನ್ನಿಗೆ ಸಾಹೇಬರು, ಇಬ್ಬರೂ ಗಂಭೀರವಾಗಿ ಹಿಂದಕ್ಕೆ ಹೋದೆವು. ಧ್ವಜದ ಕಟ್ಟೆಗೆ ತಾಗಿದಾಗ ನಿಂತೆವು. ಇದೂ ನನ್ನದೊಂದು ಪ್ರಯೋಗವೆಂದು ತಿಳಿದು ಮಕ್ಕಳು ಚಪ್ಪಾಳೆ ತಟ್ಟಿದರು.

"ಮಾಸ್ತರ, ಪಾಠಾನೂ ಹಿಂಗ ಮುಂದ ಒಯ್ತೀರೇನ್ರಿ?" ಎಂದರು ಸಾಹೇಬರು, ಪ್ಯಾಂಟು ಝಾಡಿಸಿಕೊಳ್ಳುತ್ತ.

ಗಾಡಿ ದೂಡಿಕೊಂಡು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನದು ಬರುವವರೆಗೆ ಸಾಹೇಬರನ್ನು ಖಾದರಸಾಬರ ಅಂಗಡಿಯ ಬಾಕಿನ ಮೇಲೆ ಕೂಡಿಸಿ ಚಹಾ ತರಿಸಿದೆ. ಖಾದರಸಾಬರು ಬೀಡಿ ಕಾಗದ ಸಿಕ್ಕಿಸಿ, ಚಕ್ರ ತಿರುಗಿಸಿ ನೋಡಿದರು.

"ಕಿಡಿ ಭಾಳ ಜಲ್ದಿ ಬೀಳಾಕತ್ತೈತ್ರಿ ಸರ. ಪಿಸ್ಟನ್ ಮ್ಯಾಲ ಬಂದು ಮುಟ್ಟೂದರಾಗ ಹೊಡದ್ರ ಎಂಜಿನ್ ಉಲ್ಟಾ ತಿರಗತೈತಿ. ಅದು ಮ್ಯಾಲ ಬರೂತನಕ ತಡೀಬೇಕ್ರಿ..."

"ಗೊತ್ತೈತ್ರಿ, ಗೊತ್ತೈತಿ" ಎಂದೆ.

ಚಹಾ ಒಳಗೆ ಹೋದಂತೆ ಸಾಹೇಬರು ಮೆತ್ತಗಾದರು. "ಹಿರೇವಡ್ಡಟ್ಟಿ ಶಾಲಿಗೆ ಹೆಡ್‌ಮಾಸ್ತರು ಬೇಕಾಗಿದ್ರು ನೋಡ್ರಿ..." ಎಂದು ಆರಂಭಿಸಿದರು.

"ನಾ ತಯಾರದೀನ್ರಿ ಸಾಹೇಬ್ರ! ನಾಳೆನ ಹೋಗ್ತೀನ್ರಿ!"

ಖಾದರಸಾಬರ ಕೈಯಲ್ಲಿನ ಕಾಗದ ಅಲ್ಲಿಗೇ ನಿಂತಿತು. ಸಾಹೇಬರ ಮುಖ ಮಾತ್ರ ಅರಳಿತು. "ಛಲೋ ಆತು ಬಿಡ್ರಿ! ಹೆಡ್‌ಮಾಸ್ತರು ಹ್ವಾದ ವಾರನ ಸಿಕ್ರು. ಹುಡುಗ ವಯಸ್ಸಿನವರು. ಅವರ ಕೈಕೆಳಗ ವಿಜ್ಞಾನದ ಮಾಸ್ತರಾಗಿ ಹೋಗಾಕ ಒಬ್ರೂ ಒಪ್ಪಿರಲಿಲ್ಲ. ನಾಳೆನ ಆರ್ಡರ್ ಕಳಸ್ತೀನಿ."

ಹಿಂದಕ್ಕೆ ಹೋಗುವುದಕ್ಕೆ ಸ್ಕೂಟರೇ ಬೇಕಿಲ್ಲ ಎಂದು ಆಗ ಗೊತ್ತಾಯಿತು. ಸಂಜೆ ಮನೆಗೆ ಬಂದು, ಹೇಗೆ ಹೇಳುವುದೆಂದು ತಿಳಿಯದೆ, ಮೊದಲಿನಿಂದಲೇ ಶುರು ಮಾಡಿದೆ. "ಹಿರೇವಡ್ಡಟ್ಟಿ ಶಾಲಿಗೆ ಹೆಡ್‌ಮಾಸ್ತರು..."

ಹೆಂಡತಿ ಮುಂದಿನದನ್ನು ಕೇಳಲಿಲ್ಲ. ಸಕ್ಕರೆ ಡಬ್ಬಿ ಎತ್ತಿಕೊಂಡವಳೇ, ನಾನು ಚಪ್ಪಲಿ ಮೆಟ್ಟಿ ಹೊರಗೆ ಬರುವಷ್ಟರಲ್ಲಿ ಅರ್ಧ ಓಣಿಗೆ ಹಂಚಿ ಮುಗಿಸಿದ್ದಳು. ಇಂಥ ಚಟ ಹೆಂಡತಿಗೂ ಅಂಟುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಪೂರ್ತಿ ಕೇಳುತ್ತಿರಲಿಲ್ಲ.