ಶಿವಶರಣಪ್ಪನವರ ಉಲ್ಲೇಖಪಟ್ಟಿ

ಲೇಖನ ಚೆನ್ನಾಗಿದೆ ಎಂದು ಪತ್ರದ ಮೊದಲ ಸಾಲಿನಲ್ಲಿತ್ತು. ಉಳಿದ ಸಾಲುಗಳನ್ನು ಓದಿ ಮುಗಿಸುವ ಹೊತ್ತಿಗೆ ಶಿವಶರಣಪ್ಪನವರ ಕಾಫಿ ಆರಿ ತಣ್ಣಗಾಗಿತ್ತು. ಲೇಖನದ ಕೊನೆಯಲ್ಲಿ ಕೊಟ್ಟ ಉಲ್ಲೇಖಗಳ ಪಟ್ಟಿ ದೀಪಾವಳಿಯ ಮರುದಿನದ ಬೀದಿಯಂತಿದೆ ಎಂದು ಸಂಶೋಧನಾ ಪತ್ರಿಕೆಯ ಸಂಪಾದಕರು ಬರೆದಿದ್ದರು. ಕುಲನಾಮ ಮೊದಲು ಬರಬೇಕು, ಇನಿಷಿಯಲ್ ಆಮೇಲೆ. ಇಸವಿ ಕಂಸದೊಳಗೆ. ಪತ್ರಿಕೆಯ ಹೆಸರಿನ ಕೆಳಗೆ ಗೆರೆ. ಪುಟಸಂಖ್ಯೆ ಇಲ್ಲದಿದ್ದರೆ ಆಗುವುದೇ ಇಲ್ಲ. ಎಲ್ಲ ಸರಿಪಡಿಸಿ ಶುಕ್ರವಾರ ಸಂಜೆಯೊಳಗೆ ಆರ್.ಟಿ. ನಗರದ ತಮ್ಮ ಮನೆಗೆ ತಲುಪಿಸಿದರೆ ಈ ಸಂಚಿಕೆಯಲ್ಲಿ, ತಪ್ಪಿದರೆ ಮುಂದಿನ ವರ್ಷ.

ಪತ್ರ ಮಂಗಳವಾರವೇ ಬಂದಿತ್ತು. ಮನೆಯ ಒಡತಿ ದ್ರೌಪದಮ್ಮ ಅದನ್ನು ಜೋಪಾನವಾಗಿ ರೇಡಿಯೋದ ಮೇಲಿಟ್ಟು ಮರೆತಿದ್ದರು. ಈವತ್ತು ಶುಕ್ರವಾರ.

ಶಿವಶರಣಪ್ಪ ಜೇವರ್ಗಿಯ ಕಡೆಯವರು. ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕರು, ವಾಸ ಯಲಹಂಕದಲ್ಲಿ. ಒಂದಾದರೂ ಸಂಶೋಧನಾ ಲೇಖನ ಅಚ್ಚಾದರೆ ಕೆಲಸ ಕಾಯಂ ಎಂದು ಆಡಳಿತ ಮಂಡಳಿ ಹೇಳಿತ್ತು. ಕಾಯಂ ಆದರೆ ಊರಿನಿಂದ ಹೆಂಡತಿ ಸಂಗವ್ವನನ್ನು ಕರೆತರಬೇಕು. ಎರಡು ವರ್ಷದಿಂದ ಅವರು ಪ್ರತಿ ಭಾನುವಾರ ಪ್ಯಾಂಟು ಮಡಚಿಕೊಂಡು ಕೆರೆಗಿಳಿದು, ನೀರಿನ ಮೇಲೆ ಹಬ್ಬುವ ಅಂತರಗಂಗೆ ಎಂಬ ಕಳೆಯನ್ನು ಅಳೆಯುತ್ತಿದ್ದದ್ದು ಇದಕ್ಕಾಗಿಯೇ.

ಮುಖ ಯಾಕೆ ಹಾಗಾಯಿತೆಂದು ದ್ರೌಪದಮ್ಮ ಕೇಳಿದರು. ಶಿವಶರಣಪ್ಪ ವಿವರಿಸಿದ್ದೇ ತಪ್ಪಾಯಿತು.

“ನಮ್ಮೆಜಮಾನ್ರೂ ಕೆರೆ ಬಗ್ಗೆ ಬರೆದಿದ್ರು ಕಣಪ್ಪ, ಫ್ಯಾಕ್ಟ್ರಿ ಪತ್ರಿಕೇಲಿ. ಅವ್ರ ಹೆಸ್ರನ್ನೂ ಒಂದ್ಕಡೆ ಸೇರ್ಸು,” ಎಂದರು.

ತೀರಿಕೊಂಡ ಯಜಮಾನರು ಜಾಲಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ದ್ರೌಪದಮ್ಮ ಟ್ರಂಕಿನಿಂದ ತೆಗೆದುಕೊಟ್ಟ ಹಳೆಯ ಸಂಚಿಕೆಯಲ್ಲಿ ಅವರು ರಜಾದಿನ ಗಾಳ ಹಾಕಿ ಮೀನು ಹಿಡಿಯುವ ಸುಖದ ಬಗ್ಗೆ ಬರೆದಿದ್ದರು. ಗಾಳಕ್ಕೆ ಕಳೆ ಸಿಕ್ಕಿಕೊಂಡ ವಿಷಯ ಒಂದು ವಾಕ್ಯದಲ್ಲಿತ್ತು. ದಿನಾ ರಾತ್ರಿ ಸಾರು ಕಳಿಸುವ ಕೈಗೆ ಇಲ್ಲವೆನ್ನಲಾಗಲಿಲ್ಲ. ವೈ.ಎನ್. ಮುನಿಶಾಮಪ್ಪ ಎಂಬ ಹೆಸರಿನಲ್ಲಿ ಕುಲನಾಮ ಯಾವುದೆಂದು ಕೇಳಿದಾಗ ದ್ರೌಪದಮ್ಮ, ಒಳ್ಳೆ ಕುಲದವರೇ ಎಂದು ಸ್ವಲ್ಪ ಖಾರವಾಗಿ ಉತ್ತರಿಸಿದರು.

ಪುಟಸಂಖ್ಯೆಗಳಿಗಾಗಿ ಕಾಲೇಜಿನ ಗ್ರಂಥಾಲಯಕ್ಕೇ ಹೋಗಬೇಕಿತ್ತು. ದಾರಿಯಲ್ಲಿ ಬಸ್ಸು ಕೆಟ್ಟು, ಬಿಸಿಲಿನಲ್ಲಿ ನಡೆದು, ಒಣಗಿದ ಹಾಗಲಕಾಯಿಯಂತೆ ಒಳಗೆ ಬಂದ ಅವರನ್ನು ವಿಭಾಗದ ಮುಖ್ಯಸ್ಥ ನಂಜುಂಡಾರಾಧ್ಯರು ಬಾಗಿಲಲ್ಲೇ ಹಿಡಿದರು. ವಿಷಯ ತಿಳಿದು, ತಮ್ಮ ಲೇಖನಗಳನ್ನು ಹಾಕಿದ್ದೀರಾ ಎಂದು ಮೃದುವಾಗಿ ವಿಚಾರಿಸಿದರು. ಅವರು ಜೀವನದಲ್ಲಿ ಬರೆದ ಏಳು ಲೇಖನಗಳೂ ಎಲೆಕೋಸಿನ ಮೇಲಿದ್ದವು.

“ಸರ್, ನಂದು ಕೆರಿ ಕಳೆ ಅದರೀ,” ಎಂದರು ಶಿವಶರಣಪ್ಪ.

“ಅಂತರಗಂಗೆ ನೋಡೋಕೆ ಕೋಸಿನ ಥರಾನೇ ಇದೆಯಲ್ರೀ,” ಎಂದರು ನಂಜುಂಡಾರಾಧ್ಯರು.

ಅದು ನಿಜವೇ. ಅಲ್ಲದೆ ಕಾಯಂ ಮಾಡಲು ಶಿಫಾರಸು ಬರೆಯಬೇಕಾದವರೂ ಅವರೇ. ಏಳು ಕೋಸುಗಳು ಪಟ್ಟಿಯೊಳಗೆ ಹೋದವು.

ಗ್ರಂಥಾಲಯದಲ್ಲಿ ವಾರ್ಷಿಕ ತಪಾಸಣೆ. ಪುಸ್ತಕ ಮುಟ್ಟುವ ಹಾಗಿಲ್ಲ ಎಂದ ಗ್ರಂಥಪಾಲಕ ದಸ್ತಗೀರ್ ಸಾಹೇಬರು, ಶಿವಶರಣಪ್ಪನವರ ಮುಖ ನೋಡಿ ಸ್ಟೂಲು ಕೊಟ್ಟರು. ಆಮೇಲೆ ಮೇಜಿನ ಕೆಳಗಿಂದ ಒಂದು ಬೂಟಿನ ಡಬ್ಬಿ ತೆಗೆದರು. ಕೆರೆ, ನೀರು, ಕಳೆ, ಮೀನು ಎಂಬ ಸುದ್ದಿ ಎಲ್ಲೆಲ್ಲಿ ಅಚ್ಚಾಗಿದೆಯೋ ಅದನ್ನೆಲ್ಲ ಅವರು ವರ್ಷಗಟ್ಟಲೆ ಕೂತು ಕಾರ್ಡುಗಳಲ್ಲಿ ಬರೆದಿಟ್ಟಿದ್ದರು.

“ಯಾರೂ ಇದನ್ನ ಕೇಳೇ ಇಲ್ಲ ಸಾರ್,” ಎಂದರು. “ನಿಮ್ಗೆ ಬೇಕಾದ್ ಪೇಜ್ ನಂಬರ್ ನಾನೇ ಹುಡುಕ್ಕೊಡ್ತೀನಿ. ನೀವು ಇದನ್ನ ಪೂರ್ತಿ ಹಾಕ್ಕೊಳ್ಳಿ. ಅರ್ಧ ಮಾತ್ರ ಬೇಡ.”

ಶಿವಶರಣಪ್ಪನವರಿಗೆ ವಾದ ಮಾಡುವ ತ್ರಾಣವಿರಲಿಲ್ಲ. ಇಬ್ಬರೂ ಮಧ್ಯಾಹ್ನದ ಊಟ ಬಿಟ್ಟು ಕುಲನಾಮಗಳನ್ನು ಹಿಂದಿನಿಂದ ಮುಂದಕ್ಕೆ ಎಳೆದರು. ಕುಲನಾಮವೇ ಇಲ್ಲದವರ ಅಪ್ಪನ ಹೆಸರನ್ನು ಎಳೆದರು, ಅದೂ ಸಿಗದಿದ್ದವರ ಊರನ್ನು ಎಳೆದರು. ಡಬ್ಬಿ ಖಾಲಿಯಾದಾಗ ಶಿವಶರಣಪ್ಪನವರ ಬೆರಳುಗಳು ಬಾಗಿದ ಮೊಳೆಗಳಂತಾಗಿದ್ದವು.

ಯಲಹಂಕ ಬಸ್ ಸ್ಟ್ಯಾಂಡಿನ ಟೈಪಿಂಗ್ ಅಂಗಡಿಯ ಖುದ್ದೂಸ್, ಹಾಳೆಗಳ ಕಟ್ಟು ನೋಡಿ ನಿಟ್ಟುಸಿರು ಬಿಟ್ಟ. ಅವನ ಯಂತ್ರದಲ್ಲಿ ಬಲಗಡೆಯ ಕಂಸ ಮುರಿದಿತ್ತು. ಇಸವಿಗಳೆಲ್ಲ ಬಾಗಿಲು ಹಾಕದ ಮನೆಗಳಂತೆ ನಿಂತವು. ಖುದ್ದೂಸ್ ಟೈಪ್ ಮಾಡುತ್ತ ಹೋದಂತೆ ಶಿವಶರಣಪ್ಪ ಪಕ್ಕದಲ್ಲಿ ಕೂತು ಒಂದೊಂದಕ್ಕೂ ಪೆನ್ನಿನಿಂದ ಬಾಗಿಲು ಹಾಕಿದರು. ನಡುವೆ ಖುದ್ದೂಸ್ ಕೈ ನಿಲ್ಲಿಸಿ, ಹೆಬ್ಬಾಳ ಕೆರೆಯಲ್ಲಿ ಮೀನು ಹಿಡಿಸುವ ತನ್ನ ಮಾಮು ಗುಲಾಮ್ ರಸೂಲರಿಗೆ ಈ ಕಳೆಯ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಅವರ ಹೆಸರು ಇಲ್ಲದಿದ್ದರೆ ಹೇಗೆ ಎಂದ. ಕೈ ನಿಂತೇ ಇತ್ತು. ಹೊರಗೆ ಬಿಸಿಲು ಇಳಿಯುತ್ತಿತ್ತು.

“ಹಾಕ್ರೀ,” ಎಂದರು ಶಿವಶರಣಪ್ಪ. “ರಸೂಲ್, ಗುಲಾಮ್. ಇಸವಿ ಹಾಕಿ, ವೈಯಕ್ತಿಕ ಸಂಭಾಷಣೆ ಅಂತ ಬರೀರಿ.”

ತುಂಬಿದ ಬಸ್ಸಿನ ಫುಟ್‌ಬೋರ್ಡಿನಲ್ಲಿ, ಲೇಖನವನ್ನೂ ಪಟ್ಟಿಯನ್ನೂ ಸೇರಿಸಿ ಪಿನ್ನು ಹಾಕಿದ ಕಟ್ಟನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಅವರು ಆರ್.ಟಿ. ನಗರ ತಲುಪಿದರು. ಸಂಪಾದಕರಾದ ನಿವೃತ್ತ ಪ್ರೊಫೆಸರ್ ಮುಜಫ್ಫರ್ ಸಾಹೇಬರು ವರಾಂಡದಲ್ಲೇ ಕಾಯುತ್ತಿದ್ದರು. ಕೂರಿಸಿ ಚಹಾ ತರಿಸಿದರು. ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದತೊಡಗಿದರು. ಕುಲನಾಮ, ಇನಿಷಿಯಲ್, ಇಸವಿ, ಗೆರೆ, ಪುಟ. ಓದುತ್ತ ಓದುತ್ತ ಅವರ ಮುಖ ಅರಳಿತು.

“ಇಷ್ಟು ವರ್ಷದಿಂದ ಪತ್ರಿಕೆ ನಡೆಸ್ತಿದ್ದೀನಿ, ಇಂಥ ಪಟ್ಟಿ ನೋಡಿರ್ಲಿಲ್ಲ,” ಎಂದರು. “ಕೆರೆ ಬಗ್ಗೆ ಕೆಲಸ ಮಾಡೋರಿಗೆಲ್ಲ ಇದು ಬೇಕು. ಈ ಸಂಚಿಕೇಲೇ ಹೋಗುತ್ತೆ.”

ಶಿವಶರಣಪ್ಪನವರ ಕಣ್ಣು ತುಂಬಿತು. ಸಂಗವ್ವನಿಗೆ ನಾಳೆಯೇ ತಂತಿ ಕೊಡಬೇಕು, ಒಂದು ಸೀಮೆಎಣ್ಣೆ ಸ್ಟೋವ್ ನೋಡಬೇಕು ಎಂದುಕೊಂಡರು.

“ಒಂದೇ ತೊಂದ್ರೆ,” ಎಂದು ಪ್ರೊಫೆಸರು ಮುಂದುವರಿಸಿದರು. “ನನ್ ಹತ್ರ ಆರೇ ಪುಟ ಉಳಿದಿದೆ. ಪಟ್ಟೀನೇ ಆರು ಪುಟ ಆಗುತ್ತೆ.”

ಪಟ್ಟಿಯನ್ನು ಇಲ್ಲೇ ಕೂತು ಕಡಿಮೆ ಮಾಡುವುದಾಗಿ ಶಿವಶರಣಪ್ಪ ಗಾಬರಿಯಿಂದ ಹೇಳಿದರು. ಅದನ್ನು ಮುಟ್ಟಕೂಡದೆಂದು ಪ್ರೊಫೆಸರು ಕೈ ಅಡ್ಡ ಹಿಡಿದರು. ಲೇಖನ ಯಾರು ಬೇಕಾದರೂ ಬರೆಯುತ್ತಾರೆ ಎಂದು ಸಮಾಧಾನ ಹೇಳಿ, ಪಿನ್ನು ಬಿಚ್ಚಿ, ಎರಡು ವರ್ಷದ ಅಂತರಗಂಗೆಯನ್ನು ಬೇರ್ಪಡಿಸಿ ಅವರ ಕೈಗೆ ವಾಪಸು ಕೊಟ್ಟರು.

ಶಿವಶರಣಪ್ಪ ಆ ಹಾಳೆಗಳನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಪಟ್ಟಿಯಾದರೂ ಪಟ್ಟಿ, ಅಚ್ಚಾದರೆ ಸಾಕೆನ್ನಿಸಿತು.

“ನನ್ನ ಹೆಸರು ಮ್ಯಾಲ ಬರತದೇನ್ರೀ ಸರ್, ಕೆಳಗೆ ಬರತದೇನ್ರೀ?”

“ಪಟ್ಟಿಗೆ ಲೇಖಕರು ಅಂತ ಇರಲ್ಲ. ಅದು ಸಂಪಾದಕ ಮಂಡಳಿ ಹೆಸರಲ್ಲಿ ಹೋಗೋದು ಪದ್ಧತಿ,” ಎಂದ ಪ್ರೊಫೆಸರು, ಅವರ ಮುಖ ನೋಡಿ ಮರುಗಿದರು. “ಪಟ್ಟಿ ಒಳಗೆ ಎಲ್ಲಾದ್ರೂ ನಿಮ್ಮ ಹೆಸರಿರ್ಬೇಕಲ್ಲ?”

ಇಬ್ಬರೂ ಸೇರಿ ಹುಡುಕಿದರು. ಮೀನಿನ ಮಾಮು ಇದ್ದರು, ಫಿಟ್ಟರ್ ಇದ್ದರು, ಕೋಸುಗಳಿದ್ದವು. ಏನೂ ಅಚ್ಚು ಮಾಡಿಸದ ಶಿವಶರಣಪ್ಪ ಎಲ್ಲೂ ಇರಲಿಲ್ಲ.

“ಮೊದ್ಲು ಏನಾದ್ರೂ ಒಂದು ಪ್ರಕಟಿಸಿ ಶಿವಶರಣಪ್ನೋರೆ,” ಎಂದರು ಪ್ರೊಫೆಸರು ಅಕ್ಕರೆಯಿಂದ. “ಆಮೇಲೆ ಇಂಥ ಪಟ್ಟಿಗಳಲ್ಲಿ ತಾನಾಗೇ ಬರ್ತೀರ.”

ಆಗಲೆಂದು ಶಿವಶರಣಪ್ಪ ಎದ್ದರು. ಪ್ರೊಫೆಸರು ಅವರನ್ನು ಮತ್ತೆ ಕೂರಿಸಿದರು. ಮೂರನೆಯ ಪುಟದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಶಿವಶರಣಪ್ಪ ಪೆನ್ನು ತೆಗೆದು ಅದನ್ನು ಹಾಕಿಕೊಟ್ಟರು.