ಶೇಖರನ ಸಮುದ್ರಕ್ಕೆ ಬಿದ್ದ ಸಿಗಡಿ

ಮನೆಯ ಚಾವಡಿಯಲ್ಲೊಂದು ಸಮುದ್ರವನ್ನು ಪ್ರತಿಷ್ಠಾಪಿಸಬೇಕೆಂಬುದು ಶೇಖರನ ಜೀವನದ ಮಹದಾಶಯವಾಗಿತ್ತು. ಹದಿನೆಂಟು ವರ್ಷ ದೋಹಾದಲ್ಲಿ ದುಡಿದು ಕಾಪುವಿಗೆ ಮರಳಿದವನು ಅಲ್ಲಿನ ಮಾಲ್‌ನಲ್ಲಿ ಕಂಡ ಹವಳದ ಅಕ್ವೇರಿಯಮ್ಮನ್ನು ಮಾತ್ರ ಮರೆತಿರಲಿಲ್ಲ. ನಾಲ್ಕಡಿಯ ಗಾಜಿನ ಟ್ಯಾಂಕ್ ಬಂತು, ನೀಲಿ ದೀಪ ಬಂತು, ಅಲೆ ಎಬ್ಬಿಸುವ ಪಂಪು ಬಂತು, ತೂತು ತೂತಿನ ಕಲ್ಲು ಬಂತು. ಕೊನೆಗೆ ಪಾರ್ಸೆಲ್‌ನಲ್ಲಿ ಒಂದು ಬಕೆಟ್ ಸಮುದ್ರದ ಉಪ್ಪೂ ಬಂದಾಗ ಹೆಂಡತಿ ರತ್ನಾವತಿ ಹಿತ್ತಿಲ ಬಾಗಿಲನ್ನು ಅಗಲಕ್ಕೆ ತೆರೆದಳು.

"ಅಲ್ಲಿ ಕಾಣುವುದು ಎಂತ?"

"ಸಮುದ್ರ. ಆದರೆ ಅದರಲ್ಲಿ ಕೊಳಕು ಉಂಟು. ನನಗೆ ಶುದ್ಧವಾದದ್ದು ಬೇಕು," ಎಂದ ಶೇಖರ.

ರತ್ನಾವತಿ ಕಾಪು ಮಾರ್ಕೆಟಿನಲ್ಲಿ ಮೀನು ಮಾರುವವಳು. ಅವಳ ಬುಟ್ಟಿಯಲ್ಲಿ ನಿನ್ನೆಯ ಮೀನನ್ನು ಕಂಡವರಿಲ್ಲ. ಉಳಿದರೆ ಬೆಕ್ಕಿಗೆ ಹಾಕಿಯಾಳು, ಗಿರಾಕಿಗೆ ಕೊಡಳು. ಇಪ್ಪತ್ತು ವರ್ಷದಿಂದ ಕಟ್ಟಿಕೊಂಡ ಆ ಹೆಸರೇ ಅವಳ ವ್ಯಾಪಾರದ ಬಂಡವಾಳ.

ಹೊಸ ಟ್ಯಾಂಕಿಗೆ ನೇರವಾಗಿ ಮೀನು ಬಿಡುವಂತಿಲ್ಲವೆಂದು ಶೇಖರ ಯೂಟ್ಯೂಬಿನಿಂದ ಕಲಿತಿದ್ದ. ಮೊದಲು ಒಂದು ಹಸಿ ಸಿಗಡಿಯನ್ನು ನೀರಿನಲ್ಲಿ ಕೊಳೆಯಲು ಬಿಡಬೇಕು. ಆ ಕೊಳೆಯನ್ನು ಉಣ್ಣುವ ಒಳ್ಳೆಯ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ಸಂಸಾರ ಹೂಡಬೇಕು. ಆಮೇಲೆಯೇ ಮೀನಿನ ಗೃಹಪ್ರವೇಶ. (ಒಂದು ಸಾಕು ಎಂದಿದ್ದರು. ಕೊಡುಗೈ ದಾನಿ ಶೇಖರ ಹೆಂಡತಿಯ ಬುಟ್ಟಿಯಿಂದ ಒಂದು ಹಿಡಿ ಹಾಕಿದ.)

ಮೂರನೆಯ ದಿನ ರತ್ನಾವತಿಯ ಹಳೆಯ ಗಿರಾಕಿ, ಉದ್ಯಾವರದ ಬರ್ತಾ ಬಾಯಮ್ಮ ಮಗಳ ಮದುವೆಗೆ ಮೀನು ಹೇಳಿಹೋಗಲು ಬಂದರು. ಹೊಸಿಲು ದಾಟಿದವರು ಅಲ್ಲೇ ನಿಂತರು. ಸೆರಗು ಮೂಗಿಗೆ ಹೋಯಿತು.

"ರತ್ನಾ, ನೀನೂ ಹಳೆಯ ಸಿಗಡಿ ಇಡಲಿಕ್ಕೆ ಶುರು ಮಾಡಿದೆಯಾ?"

ರತ್ನಾವತಿಯ ಮುಖ ಬಿಳಿಚಿಕೊಂಡಿತು. ಹೆಂಡತಿಯ ಮಾನ ಕಾಯಲು ಶೇಖರ ಮುನ್ನುಗ್ಗಿದ.

"ಹಳೆಯದಲ್ಲ ಬಾಯಮ್ಮ, ಬುಧವಾರದ ಫ್ರೆಶ್ ಸಿಗಡಿ. ನಾನೇ ಬೇಕೆಂದು ಕೊಳೆಸಿದ್ದು."

ಬರ್ತಾ ಬಾಯಮ್ಮ ದಂಗಾದರು. ಕದ್ದವರನ್ನು, ಕುಡಿದವರನ್ನು ಅವರು ಕಂಡಿದ್ದರು. ತಾಜಾ ಸಿಗಡಿಯನ್ನು ಬೇಕೆಂದೇ ಕೊಳೆಸುವ ಗಂಡಸನ್ನು ಕರಾವಳಿಯಲ್ಲಿ ಕಂಡದ್ದು ಇದೇ ಮೊದಲು. ಅವರು ಮೆಲ್ಲನೆ ಬಾಗಿಲಿನತ್ತ ತಿರುಗಿದರು.

"ಅವರ ಮಾತು ಬಿಡಿ ಬಾಯಮ್ಮ," ಎಂದಳು ರತ್ನಾವತಿ. "ಕೊರೊನಾ ಬಂದ ಮೇಲೆ ಇವರಿಗೆ ಮೂಗಿಲ್ಲ. ನಾನು ಬಿಸಾಡಲಿಕ್ಕೆ ಇಟ್ಟದ್ದನ್ನು ಹೆಕ್ಕಿ ತಂದು ಹಾಕಿದ್ದಾರೆ. ವಾಸನೆ ಗೊತ್ತೇ ಆಗುವುದಿಲ್ಲ, ಪಾಪ."

ಶೇಖರನಿಗೆ ಸಿಡಿಲು ಬಡಿದಂತಾಯಿತು. ನಾಲ್ಕು ಮನೆ ಆಚೆ ಹುರಿಯುವ ಮೀನು ಯಾವುದೆಂದು ಕುಳಿತಲ್ಲೇ ಹೇಳಬಲ್ಲ ಮೂಗು ಅದು. ಬಾಯಿ ತೆರೆದ. ರತ್ನಾವತಿ ಖಾಲಿ ಬಕೆಟ್ ಹಿಡಿದು ಟ್ಯಾಂಕಿನ ಪಕ್ಕ ನಿಂತಿದ್ದಳು. ಇನ್ನೊಂದು ಮಾತು ಆಡಿದರೆ ಸಮುದ್ರ ಅಂಗಳಕ್ಕೆ ಹೋಗುವುದು ಖಂಡಿತವಿತ್ತು. ಬಾಯಿ ಮುಚ್ಚಿದ. ಬರ್ತಾ ಬಾಯಮ್ಮ ಅವನ ಬೆನ್ನು ತಟ್ಟಿ, ಕನಿಕರಕ್ಕೆ ಐದು ಕೆಜಿ ಹೆಚ್ಚೇ ಹೇಳಿ ಹೋದರು.

ತಿಂಗಳು ಕಳೆಯಿತು. ವಾಸನೆ ಹೋಯಿತು, ನೀರು ತಿಳಿಯಾಯಿತು, ಕಿತ್ತಳೆ ಬಣ್ಣದ ಎರಡು ಮೀನುಗಳ ಆಗಮನವೂ ಆಯಿತು. ಅವುಗಳ ದರ್ಶನಕ್ಕೆ ರತ್ನಾವತಿಯ ಅಣ್ಣ ಯೋಗೀಶ್ ಸಂಸಾರ ಸಮೇತ ಕಾರ್ಕಳದಿಂದ ಹೊರಟ. ಅಂದು ಕಾಪುವಿನಲ್ಲಿ ಮೀನು ಬೇಗ ಮುಗಿದಿತ್ತು. ರತ್ನಾವತಿ ಗಂಡನನ್ನು ಉದ್ಯಾವರಕ್ಕೆ ಓಡಿಸಿದಳು.

ಅಲ್ಲಿ ರಸ್ತೆ ಬದಿಯಲ್ಲಿ ಮೀನು ಮಾರುವ ಕಿಟ್ಟನಲ್ಲಿ ಬಂಗುಡೆ ಇತ್ತು. ಬಗ್ಗಿ ಮೂಸಿದ ಶೇಖರ ಹಿಂದಕ್ಕೆ ಹಾರಿದ.

"ಇದು ಹಳತು ಮಾರಾಯ."

ಕಿಟ್ಟ ಅವನನ್ನು ಮರುಕದಿಂದ ನೋಡಿದ. "ನಿಮಗೆ ಹೇಗೆ ಗೊತ್ತಾಗುತ್ತದೆ ಶೇಖರಣ್ಣ? ಬರ್ತಾ ಬಾಯಮ್ಮ ಎಲ್ಲ ಹೇಳಿದ್ದಾರೆ."

ಸುತ್ತಲಿದ್ದ ಗಿರಾಕಿಗಳು ತಿರುಗಿದರು. "ನಮ್ಮ ಬಾವನಿಗೂ ಹೀಗೇ ಆಗಿತ್ತು. ಹಬೆ ತಗೊಳ್ಳಿ, ಸರಿಯಾಗುತ್ತದೆ," ಎಂದರು ಒಬ್ಬರು. ಶೇಖರ ನಿಂತಲ್ಲೇ ಲೆಕ್ಕ ಹಾಕಿದ. ತನಗೆ ಮೂಗು ಉಂಟೆಂದರೆ ರತ್ನಾವತಿ ಸುಳ್ಳಿಯಾಗುತ್ತಾಳೆ. ಅವಳು ಸುಳ್ಳಿಯಾದರೆ ಆ ಕೊಳೆತ ಸಿಗಡಿ ಅವಳ ಬುಟ್ಟಿಯದ್ದೇ ಆಗುತ್ತದೆ.

"ಒಳ್ಳೆಯದೇ ಇರಬೇಕು," ಎಂದು ಚೀಲ ಒಡ್ಡಿದ.

ಮನೆಯಲ್ಲಿ ರತ್ನಾವತಿ ಚೀಲದ ಗಂಟು ಬಿಚ್ಚಿ ಮೂರು ಹೆಜ್ಜೆ ಹಿಂದೆ ಸರಿದಳು. ಗೇಟಿನಲ್ಲಿ ಅಣ್ಣನ ಕಾರು ನಿಂತ ಸದ್ದಾಯಿತು.

"ಇದನ್ನು ನೋಡಿ ತಗೊಂಡದ್ದಾ? ನಿಮಗೆ ಮೂಗಿಲ್ವಾ?"

"ಇಲ್ಲ," ಎಂದ ಶೇಖರ.