ಸೋಲಾರ್ ದೀಪಕ್ಕೆ ಆರು ಕೇಜಿ ಪೈಪು

ಪೈಪಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ. ಮೂಡಲಗಿಯ ನಮ್ಮ ಹೊಲಕ್ಕೆ ಕಾಲುವೆಯಿಂದ ನೀರು ತಂದವನು ನಾನು! ಹಾಗಾಗಿ ಮಾಳಿಗೆಯ ಮೇಲಿನ ಸೋಲಾರ್ ಪ್ಲೇಟಿನಿಂದ ಅವ್ವನ ಕೋಣೆಯ ಬ್ಯಾಟರಿಗೆ ವೈರ್ ಇಳಿಸಲು ಪೈಪು ಬೇಕೆಂದಾಗ, ಮಹಾಜ್ಞಾನಿಯ ಗತ್ತಿನಲ್ಲಿ ಗೋಕಾಕದ ಬಸ್ಸು ಹತ್ತಿದೆ.

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ದಿನಾ ಸಂಜೆ ಕರೆಂಟು ಹೋಗುತ್ತಿತ್ತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು. ಊಟವಾದದ್ದೇ ನಾನು ಕಟ್ಟೆಯ ಹರಟೆಗೆ ಹೋಗುತ್ತಿದ್ದೆ. "ಕತ್ತಲಾತಂದ್ರ ಮನಿ ಮೈಮ್ಯಾಗ ಬಂದಂಗ ಆಗತೈತೋ" ಎಂದಿದ್ದಳು ಅವ್ವ. ಬೇರೆ ಏನನ್ನೂ ಕೇಳಿದವಳಲ್ಲ. ಆ ಮಾತು ಕೇಳಿಯೇ ಸೋಲಾರ್ ಪ್ಲೇಟು ತಂದಿದ್ದೆ.

ಪೈಪಿನ ಅಂಗಡಿಯ ದಸ್ತಗೀರ ಕಾಕಾ ಸಣ್ಣ ಪೈಪು ತೋರಿಸಿದರು. "ಇದು ವೈರಿಂದರಿ. ಬಿಸಲಿಗೆ ತಡೀತೈತಿ. ಮ್ಯಾಲಿನ ಬಾಯಿಗೆ ಈ ಮುಚ್ಚಳ ಹಾಕ್ರಿ."

ನಾನು ನಕ್ಕೆ. "ಕಡ್ಡಿ ಇದ್ದಂಗ ಐತಿ ಕಾಕಾ! ಆರು ಕೇಜಿ ಪ್ರೆಶರ್ ತಡಿಯೋದು ಕೊಡ್ರಿ, ಎರಡೂವರಿ ಇಂಚಿಂದು."

"ಅದು ನೀರಿಂದರಿ! ಕರೆಂಟಿಗೆ ಎಲ್ಲಿ ಪ್ರೆಶರ್?"

"ಗಟ್ಟಿ ಇರಲಿ ಬಿಡ್ರಿ."

ಮುಚ್ಚಳವನ್ನೂ ಬೇಡವೆಂದೆ. ಕಾಲುವೆಯ ಪೈಪಿಗೆ ಯಾರಾದರೂ ಮುಚ್ಚಳ ಹಾಕುತ್ತಾರೆಯೇ!

ಬಸ್ಸಿನ ಟಾಪಿನ ಮೇಲೆ ಪೈಪು ಬಂತು. ಹನಿಯೂ ಸೋರಬಾರದೆಂದು ಪ್ರತಿ ಜಾಯಿಂಟಿಗೂ ಅಂಟಿನ ಸೊಲ್ಯೂಶನ್ ಬಳಿದು ಒತ್ತಿದೆ. ವೈರಿನಿಂದ ಯಾವ ಹನಿ ಸೋರುತ್ತಿತ್ತೋ ದೇವರೇ ಬಲ್ಲ! ಕೆಳಗೆ ನಿಂತಿದ್ದ ಹೆಂಡತಿ ಪದ್ಮಾ ಕೇಳಿದಳು, "ಮುಂದ ಕೆಟ್ಟರ ಹೆಂಗ ಬಿಚ್ಚೂದ್ರಿ?"

"ಕೆಟ್ಟರ ತಾನ!" ಎಂದು ಗುಡುಗಿದೆ.

ದೀಪ ಹತ್ತಿತು. ಅವ್ವ ಅದರ ಕೆಳಗೆ ಕೂತು ಬಸದಿಯ ದೀಪಕ್ಕೆ ಬತ್ತಿ ಹೊಸೆದಳು. ಹದಿನೆಂಟು ಸಂಜೆ ಹೊಸೆದಳು. ಹತ್ತೊಂಬತ್ತನೆಯ ಸಂಜೆ ದೀಪ ಹತ್ತಲಿಲ್ಲ.

ಬೆಳಿಗ್ಗೆ ಮಾಳಿಗೆ ಹತ್ತಿ ನೋಡಿದೆ. ಅಡ್ಡ ಮಲಗಿಸಿದ್ದ ಪೈಪಿನ ತೆರೆದ ಬಾಯಿಯಲ್ಲಿ ನಾರು, ಸೀರೆಯ ಚೂರು, ಅವ್ವನ ಬತ್ತಿಯ ಹತ್ತಿ. ಒಳಗೆ ಅಳಿಲು ಮರಿ ಹಾಕಿತ್ತು. ಬಾಣಂತನದ ಬೇಸರಕ್ಕೋ ಏನೋ, ವೈರನ್ನು ಕಡಿದು ಹಾಕಿತ್ತು! ಅಂಟಿಸಿದ ಪೈಪು ಬಿಚ್ಚುವಂತಿರಲಿಲ್ಲ. ಗರಗಸ ತಂದೆ.

ಅಳಿಲಿನ ಸುದ್ದಿ ಕೇಳಿದ ಅವ್ವ ಅಂಗಳದಿಂದಲೇ ಕೂಗಿದಳು, "ಗರಗಸ ಕೆಳಗಿಡು! ಬಾಣಂತಿ ಅದಾಳ ಒಳಗ. ಒಂದು ಮರಿಗೆ ಏನರ ಆದ್ರ ನಿನ್ನ ದೀಪ ನನಗ ಬ್ಯಾಡ."

"ಮತ್ತ ಕತ್ತಲಾಗ ಕೂಡತೀಯೇನವ್ವಾ?"

"ಕೂಡತೇನಿ."

ಮಧ್ಯಾಹ್ನ ತಲೆ ತಗ್ಗಿಸಿ ದಸ್ತಗೀರ ಕಾಕಾನ ಅಂಗಡಿಗೆ ಹೋದೆ. ಅವರು ಸಣ್ಣ ಪೈಪು ತೆಗೆದು, ಅದರ ಮೇಲೆ ಮುಚ್ಚಳ ಇಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಗೆ ಬಂದಾಗ ಹೊತ್ತು ಮುಳುಗಿ ಕರೆಂಟು ಹೋಗಿತ್ತು. ಅವ್ವ ತನ್ನ ಕೋಣೆಯಲ್ಲಿ, ಗೋಡೆಗುಂಟ ಇಳಿದ ಪೈಪಿನ ಬಾಯಿಗೆ ಕಿವಿಗೊಟ್ಟು ಕೂತಿದ್ದಳು.

"ಸಣ್ಣ ಪೈಪು ತಂದೇನವ್ವಾ. ಬ್ಯಾರೆ ಕಡಿಯಿಂದ ವೈರ್ ಇಳಸ್ತೇನಿ. ನಾಳೆ ದೀಪ ಹತ್ತತೈತಿ."

"ಗಡಬಡಿ ಇಲ್ಲೋ. ಮರಿ ಚಿಂವ್ ಚಿಂವ್ ಅಂತಾವ. ಮನ್ಯಾಗ ಯಾರೋ ಅದಾರ ಅನಸ್ತೈತಿ."

ಮನೆಯಲ್ಲಿ ನಾನಿದ್ದೆನಲ್ಲ! ಇದ್ದೆನೇ? ಅಪ್ಪ ಹೋದಾಗಿನಿಂದ ಕಟ್ಟೆಯಲ್ಲಿ ಕಳೆದ ಸಂಜೆಗಳನ್ನು ನೆನೆದು ನಾಚಿಕೆಯಾಯಿತು. ಅವಳ ಪಕ್ಕ ಕೂರಲು ಆರು ಕೇಜಿಯ ಪೈಪು ಬೇಕಿರಲಿಲ್ಲ. ಕಟ್ಟೆಗೆ ಹೋಗದೆ, ಅಲ್ಲೇ ಅವಳಿಗೆ ಒತ್ತಿ ಕೂತೆ.

"ಆ ಕಡಿ ಸರಿ ಒಂಚೂರ," ಎಂದಳು ಅವ್ವ. "ಸಪ್ಪಳ ಕೇಳವಲ್ದು."